ಹತ್ತು ಕೆಂಪು ಹಣ್ಣು, ಒಂದು ಎಮ್ಮಿ

ಅವತ್ತ ಸಂಜಿ ಐದರೊಳಗ ಅಣವೀರಪ್ಪ ಒಂದು ಸಹಿ ಮಾಡಬೇಕಿತ್ತು. ಅವನ ಸಹಿ ಭಾಳ ದೊಡ್ಡದೇನಲ್ಲ, ಇರಿವಿ ಶಾಯಿ ತುಳದು ಹಾಳಿ ದಾಟಿ ಹೋದಂಗ ಇರ್ತಿತ್ತು. ಆದ್ರ ಅದು ಬಿದ್ರ ಹನ್ನೊಂದು ವರ್ಷದಿಂದ ಕುಂತಲ್ಲೇ ಕುಂತಿದ್ದ ಪಿಎಚ್.ಡಿ. ಎದ್ದು ನಿಲ್ತಿತ್ತು. ಬೀಳಲಿಲ್ಲಂದ್ರ ಐದು ಹೊಡದು ಒಂದು ನಿಮಿಷಕ್ಕ ಸಂಶೋಧನಾ ಕೇಂದ್ರದ ರಿಜಿಸ್ಟರಿನಾಗ ಅವನ ಹೆಸರಿನ ಮ್ಯಾಲ ಕೆಂಪು ಗೀಟು. ಒಂದು ಕಡಿ ಡಾಕ್ಟರ್, ಇನ್ನೊಂದು ಕಡಿ ಸೊನ್ನಿ. ಕಾಲೇಜಿನಾಗ ಅರ್ಥಶಾಸ್ತ್ರ ಕಲಸಾಂವಗ ಇದರಾಗ ವಿಚಾರ ಮಾಡೂದೇನದ? ಆದ್ರೂ ಅವಾ ಮುಂಜಾನೆ ಕನ್ನಡಿ ಮುಂದ ನಿಂತು ಎಡಗಡಿ ಗಲ್ಲಾ ಎರಡು ಸಲ ಕೆರಕೊಂಡ, ಬಲಗಡಿ ಗಲ್ಲಾ ಹಂಗೇ ಬಿಟ್ಟು ಅಂಗಿ ಹಾಕ್ಕೊಂಡ. ಹೆಂಡತಿ ಜಯದೇವಿ ನೋಡಿ, "ಏನ್ರೀ, ಅರ್ಧಾ ಡಾಕ್ಟರ್ ಆಗಿ ಹೊಂಟೀರೇನು?" ಅಂದಾಗ ಮತ್ತ ಸಾಬಾಣ ಹಚ್ಚಿದ. "ಬೋರ್ಡ್ ನಾನೇ ತರ್ತೀನಿ," ಅಂದ್ಲು ಆಕಿ, "ಮೈಬೂಬ ಪೇಂಟರಗ ಸಂಜಿಗಿ ಬರ್ತೀನಂತ ಹೇಳೀನಿ. ನೀವು ಸಹಿ ಮಾಡಿ ಬರ್ರಿ, ಸಾಕು. ಬರೂಮುಂದ ಕೇಂದ್ರದಾಗಿನ ನನ್ನ ಟ್ರಂಕೂ ತರ್ರಿ. ಮೂರು ವರ್ಷಾತು ತವರಮನಿ ಟ್ರಂಕಿನಾಗ ನಿಮ್ಮ ಹಾಳಿ ಮಲಗ್ಯಾವ, ನನ್ನ ಸೀರಿ ಗೋಣಿಚೀಲದಾಗ ಮಲಗ್ಯಾವ."

ಅವರ ಮನಿ ಕೋಟನೂರಿನಾಗ. ಕೋಟನೂರ ಕಲಬುರಗಿಯೊಳಗ ಬಂತೋ, ಕಲಬುರಗೀನೇ ಕೋಟನೂರಿನ ಹೊಲದಾಗ ಹೊಕ್ಕಿತೋ, ಅದು ಇನ್ನಾ ಬಗೀಹರದಿದ್ದಿಲ್ಲ. ಮನಿ ಮುಂದ ಹೊಸಾ ಪ್ಲಾಟು, ಹಿಂದ ಕಾಶಿರಾಯನ ಎಮ್ಮಿ. ಆ ಎಮ್ಮಿ ದಿನಾ ಮುಂಜಾನೆ ಇವರ ಕಂಪೌಂಡಿನ ಮ್ಯಾಲ ಗದ್ದಾ ಇಟ್ಟು ಅಣವೀರಪ್ಪನ್ನ ನೋಡ್ತಿತ್ತು. ಅವಾ ಅದರ ಕಡಿ ನೋಡ್ತಿದ್ದಿಲ್ಲ. ಎಮ್ಮಿಗೋಳ ಮುಖಾ ನೋಡೂದು ಅವಾ ಮೂರು ವರ್ಷದ ಹಿಂದ ಬಿಟ್ಟಿದ್ದ.

ಸೂಪರ್ ಮಾರ್ಕೆಟ್ ಸ್ಟಾಪಿನಾಗ ಇಳದಾಗ ಹತ್ತು ಗಂಟಿ. ಕೇಂದ್ರಕ್ಕ ಹೋಗೂ ಸಿಟಿ ಬಸ್ಸು ಬರಾಕ ಇನ್ನಾ ವ್ಯಾಳ್ಯಾ ಇತ್ತು, ಕಾಲು ತಾವೇ ಮೈಬೂಬ ಪೇಂಟರನ ಗೂಡಿನ ಕಡಿ ಹ್ವಾದ್ವು. ಗ್ವಾಡಿಗಿ ಆನಿಸಿ ಬೋರ್ಡ್ ಒಣಗಾಕ ಇಟ್ಟಿದ್ದ. ನೀಲಿ ಮ್ಯಾಲ ಬಿಳಿ ಅಕ್ಷರ. ಅಣವೀರಪ್ಪ ಅನ್ನೂ ಹೆಸರು ಬಲಗಡಿ ಸರದು ಗ್ವಾಡಿಗಿ ಒರಗಿದಂಗ ನಿಂತಿತ್ತು, ಎಡಗಡಿ ಒಂದು ಗೇಣಿನಷ್ಟು ಜಾಗಾ ಖಾಲಿ. "ಡಾಕ್ಟರ್ ಅನ್ನೂದು ಇನ್ನಾ ಬರದಿಲ್ರಿ ಸರ್," ಅಂದ ಮೈಬೂಬ, ಬ್ರಷ್ ಬಾಯಾಗ ಹಿಡದು. "ಬಾಯಿಯಾರು ಹೇಳ್ಯಾರ, ಸಹಿ ಆದ ಮ್ಯಾಲ ಬರಿ ಅಂತ. ಜಾಗಾ ಬಿಟ್ಟೀನ್ರಿ. ಐದು ನಿಮಿಷದ ಕೆಲಸ." ಅಣವೀರಪ್ಪ ಆ ಖಾಲಿ ಜಾಗಾ ನೋಡಿದ. ಅಷ್ಟು ಸ್ವಚ್ಛ ನೀಲಿ ಅವಾ ಕಲಬುರಗಿಯೊಳಗ ಆಕಾಶದಾಗೂ ನೋಡಿದ್ದಿಲ್ಲ. ಅದೇ ವ್ಯಾಳ್ಯಾಕ್ಕ ಹಿಂದಿನಿಂದ ಕರೀಂಸಾಬನ ಜೀಪು ಒದರಿತು: "ಕಮಲಾಪುರ್, ಕಮಲಾಪುರ್! ಆವೋ ಸಾಬ್, ಒಂದೇ ಸೀಟ್ ಖಾಲಿ ಅದ!" ಕರೀಂಸಾಬನ ಜೀಪಿನಾಗ ಯಾವಾಗಲೂ ಒಂದೇ ಸೀಟು ಖಾಲಿ ಇರ್ತಿತ್ತು. ಒಳಗ ಎಂಟು ಮಂದಿ ಇದ್ರೂ ಒಂದೇ, ಇಪ್ಪತ್ತೆರಡು ಮಂದಿ ಇದ್ರೂ ಒಂದೇ. ಒಮ್ಮಿ ಒಂದು ಮದುವಿ ದಿಬ್ಬಣ ಪೂರಾ ಹತ್ತಿ, ಸ್ವತಾ ಕರೀಂಸಾಬಗ ಜಾಗಾ ಇಲ್ದಾಗಿ, ಅವಾ ಬಾಜೂಕ ಓಡ್ಕೋತ ಕಿಡಕಿಯೊಳಗ ಕೈ ಹಾಕಿ ಸ್ಟೇರಿಂಗ್ ತಿರುವಿದ್ದ ಅಂತ ಸೂಪರ್ ಮಾರ್ಕೆಟಿನ ಮಂದಿ ಆಣಿ ಮಾಡಿ ಹೇಳ್ತಿದ್ರು. ಅಣವೀರಪ್ಪ ಹತ್ತಿದ. ಯಾಕ ಹತ್ತಿದಿ ಅಂತ ಯಾರರ ಕೇಳಿದ್ರ, ಐದಕ್ಕ ಇನ್ನಾ ಏಳು ತಾಸು ಅದಲ್ರಿ ಅಂತ ಹೇಳ್ತಿದ್ದ. ಅದು ಉತ್ತರ ಅಲ್ಲ ಅನ್ನೂದು ಅವಗೂ ಗೊತ್ತಿತ್ತು.

ಯಾರದೋ ಮಣಕೈ ಅವನ ಪಕ್ಕಡ್ಯಾಗ, ಯಾರದೋ ಕೋಳಿಬುಟ್ಟಿ ಅವನ ಮಡಿಲಾಗ. ಜೀಪು ಹಳ್ಳಾ ದಿಬ್ಬಾ ಒಂದೂ ಬಿಡದ ಓಡಾಕತ್ತಿತ್ತು. ಅವನ ಸಿದ್ಧಾಂತ ಮಾತ್ರ ಯಾವಾಗಲೂ ಡಾಂಬರ ರೋಡಿನ ಮ್ಯಾಲ ಓಡಿತ್ತು. ಮನುಷ್ಯಾ ಅಂದ್ರ ತನ್ನ ಫಾಯ್ದಾ ನುಕ್ಸಾನ ತೂಗಿ ಆರಿಸ್ಕೊಳ್ಳಾಂವ, ರ್ಯಾಷನಲ್ ಚಾಯ್ಸ್. ಇಪ್ಪತ್ತು ವರ್ಷ ಅವಾ ಈ ಒಂದು ಕೀಲಿಕೈಲೆ ಎಲ್ಲಾ ಬಾಗಲಾ ತಗದಿದ್ದ. ಕಳ್ಳ ಯಾಕ ಕಳು ಮಾಡ್ತಾನ, ಜೈಲಿನ ಖರ್ಚು ತಗದ್ರೂ ಲಾಭ ಉಳೀತದ ಅಂತ. ಓಣಿ ಗಟಾರ ಯಾಕ ಯಾರೂ ಬಳ್ಯೂದಿಲ್ಲ, ಬಳದಾಂವನ ನಡಾ ನೋಯ್ತದ, ನಾತ ಹೋಗಿದ್ದು ಎಲ್ಲಾರಿಗೂ ಹಂಚಿ ಹೋಗ್ತದ. ರಾಜಕೀಯ ಶಾಸ್ತ್ರದವರು ಓಟಿಗಿ ಹಚ್ಚಿದ್ರು, ಸಮಾಜಶಾಸ್ತ್ರದವರು ಮದುವಿಗಿ ಹಚ್ಚಿದ್ರು, ಅಣವೀರಪ್ಪ ಎಲ್ಲಾದಕ್ಕೂ ಹಚ್ಚಿದ. ಮದುವ್ಯಾದ ಮೊದಲನೇ ತಿಂಗಳಿನಾಗ ಜಯದೇವಿಗಿ ಕುಂಡ್ರಿಸಿ ಹೇಳಿದ್ದ, ನೀ ನನ್ನ ಆರಿಸ್ಕೊಂಡಿದ್ದು ಒಳಗೊಳಗ ಲೆಕ್ಕಾ ಹಾಕಿದ್ದಕ್ಕ, ನಿನಗ ಗೊತ್ತಾಗದಂಗ ಹಾಕಿರ್ತಿ ಅಂತ. ಆಕಿ ಜ್ವಾಳಾ ಹಸನ ಮಾಡ್ಕೋತ, "ನಾ ಲೆಕ್ಕಾ ಹಾಕಿದ್ರ ನಿಮ್ಮ ತಮ್ಮನ್ನ ಆಗ್ತಿದ್ದೆ," ಅಂದಿದ್ಲು. ಅವಾ ಅದನ್ನ ನಗಿಚಾಟಿ ಅಂತ ತಿಳ್ಕೊಂಡಿದ್ದ. ಒಮ್ಮಿ ಕ್ಲಾಸಿನಾಗ ಅಮೋಘಸಿದ್ದ ಅನ್ನೂ ಹುಡುಗ ಎದ್ದು, "ಸರ್, ನಮ್ಮಪ್ಪ ಮೂವತ್ತು ವರ್ಷದಿಂದ ಒಂದಿನಾನೂ ಗೆಲ್ಲದ ಪಾರ್ಟಿಗಿ ಓಟು ಹಾಕ್ಲಿಕ್ಕ ಎಂಟು ಮೈಲು ನಡೀತಾನಲ್ರಿ?" ಅಂತ ಕೇಳಿದ್ದ. "ನಿಮ್ಮಪ್ಪ ಲೆಕ್ಕದಾಗ ಬರೂದಿಲ್ಲ, ಕುಂಡ್ರು," ಅಂದಿದ್ದ ಅಣವೀರಪ್ಪ. ಕ್ಲಾಸ್ ನಕ್ಕಿತ್ತು. ಹುಡುಗ ಕುಂತಿದ್ದ. ಕುಂಡ್ರೂಮುಂದ ಅವನ ಕಿವಿ ಕೆಂಪಗ ಆಗಿದ್ದು ಈಗ್ಯಾಕ, ಈ ಕೋಳಿಬುಟ್ಟಿ ಹಿಡ್ಕೊಂಡಾಗ, ಅಷ್ಟು ನಿಚ್ಚಳ ಕಾಣ್ತದ?

"ಮಾಸ್ತರ, ಬುಟ್ಟಿ ಓರೀ ಆಗ್ಯಾದ ನೋಡ್ರಿ," ಅಂದ್ಲು ಬಾಜೂಕಿನ ಹೆಣಮಗಳು. ನೆಟ್ಟಗ ಹಿಡದ. ಕೋಳಿ ಬುಟ್ಟಿಯೊಳಗಿಂದ ಒಂದು ಕಣ್ಣಲೆ ನೋಡ್ತು.

ಅವನ ಪಿಎಚ್.ಡಿ. ಗೈಡ್ ದೇವೀಂದ್ರಪ್ಪ ಸರ್ ಅವರಿಗಿ ಈ ಸಿದ್ಧಾಂತ ಪರೀಕ್ಷಾ ಮಾಡೂ ಒಂದು ಆಟ ಯಾವದೋ ಪರದೇಶದ ಪತ್ರಿಕಾದಾಗ ಸಿಕ್ಕಿತ್ತು. ಇಬ್ಬರು ಮಂದಿ, ನಡುವ ಪರದಾ, ಯಾರು ಯಾರಂತ ಗೊತ್ತಾಗಬಾರದು. ಒಬ್ಬನ ಕೈಯಾಗ ಹತ್ತು ರೂಪಾಯಿ. ಅವಾ ಹಂಚ್ತಾನ, ನನಗಿಷ್ಟು ನಿನಗಿಷ್ಟು ಅಂತ. ಆ ಕಡಿಯಾಂವ ಒಪ್ಪಿದ್ರ ಇಬ್ಬರಿಗೂ ಅವರವರ ಹಿಸ್ಸಾ, ಬ್ಯಾಡಂದ್ರ ಇಬ್ಬರಿಗೂ ಏನೂ ಇಲ್ಲ. ಶಾಸ್ತ್ರ ಏನ ಹೇಳ್ತದಂದ್ರ, ಹಂಚಾಂವ ಒಂದೇ ಒಂದು ಕೊಡಬೇಕು, ಆ ಕಡಿಯಾಂವ ಸುಮ್ನ ತಗೋಬೇಕು, ಯಾಕಂದ್ರ ಒಂದು ಸೊನ್ನಿಗಿಂತ ದೊಡ್ಡದು. ಕೇಂದ್ರ ರೂಪಾಯಿ ಕೊಡ್ಲಿಲ್ಲ. ಅದಕ್ಕ ಮೂರು ವರ್ಷದ ಹಿಂದ ಅಣವೀರಪ್ಪ ಕಮಲಾಪುರದ ಸಂತ್ಯಾಗ ಧೋತ್ರದ ಪರದಾ ಕಟ್ಟಿ, ಹತ್ತು ಹತ್ತು ಕೆಂಪು ಬಾಳಿಹಣ್ಣು ಇಟ್ಟು ಆಡಿಸಿದ. ಆಟಕ್ಕಿಂತ ಮೊದಲ ಕೇಳೂ ಪ್ರಶ್ನಿಗೋಳ ಪಟ್ಟಿ ಎಷ್ಟು ಉದ್ದಿತ್ತಂದ್ರ, ಒಬ್ಬ ರೈತ ಮೊದಲನೇ ಪ್ರಶ್ನೆಕ್ಕ ಕುಂತಾಗ ಕರಾ ಇದ್ದದ್ದು ಕಡೀ ಪ್ರಶ್ನೆಕ್ಕ ಎದ್ದಾಗ ಎತ್ತಾಗಿತ್ತು. ಅರವತ್ತನಾಕು ಹಾಳಿ ತುಂಬಿದ್ವು. ತುಂಬಿದ್ದೆಲ್ಲಾ ತಪ್ಪು. ಕಮಲಾಪುರದ ಮಂದಿ ಮೊದಲ ಐದು ಐದು ಮಾಡ್ತಿದ್ರು, ಆಮ್ಯಾಲ ತಮ್ಮ ಐದರಾಗಿಂದ ಒಂದು ಎತ್ತಿ ಆ ಕಡಿ ಸರಸ್ತಿದ್ರು. "ಇದ್ಯಾಕ್ರಿ?" ಅಂದ್ರ, "ಹಂಚಿದ ಮ್ಯಾಲ ಕೊಸರು ಬ್ಯಾಡೇನ್ರಿ?" ಅಂತ ಇವನ್ನೇ ಕೇಳ್ತಿದ್ರು, ಮಾಸ್ತರಾಗಿ ಇಷ್ಟೂ ಗೊತ್ತಿಲ್ಲಲ್ಲಾ ಅನ್ನೂವಂಗ. ತನಗ ನಾಕು, ಗುರ್ತಿಲ್ಲದಾಂವಗ ಆರು. ಶಾಸ್ತ್ರದಾಗ ಆರಕ್ಕ ಮನೀನೇ ಇದ್ದಿಲ್ಲ. ಇನ್ನಾ ಎಲ್ಲೋ ಒಬ್ಬ ಜಾಣ ಒಂದೋ ಎರಡೋ ಸರಿಸಿದ್ರ ಆ ಕಡಿಯವರು ಬ್ಯಾಡ ಅಂತಿದ್ರು. ಅಂಥವು ಹತ್ತೊಂಬತ್ತು. ಹತ್ತೊಂಬತ್ತು ಮಂದಿ ಸುಮ್ಮಸುಮ್ನ ಸೊನ್ನಿ ಆರಿಸ್ಕೊಂಡು ಧೋತ್ರ ಝಾಡಿಸಿ ಎದ್ದು ಹೋಗಿದ್ರು.

ಅದರಾಗ ನಲವತ್ತೊಂದನೇ ಹಾಳಿ ದುಂಡಮ್ಮಂದು. ಹಣ್ಣು ಮಾರಾಕಿ, ಅರವತ್ತರ ಆಜೂಬಾಜೂ. ಅವತ್ತ ಹಂಚಬೇಕಾಗಿದ್ದಾಂವ ಬಸ್ಸು ಬಂತಂತ ಓಡಿ ಹೋಗಿದ್ದ, ಪರದಾದ ಆ ಕಡಿ ದುಂಡಮ್ಮ ಕುಂತಾಗಿತ್ತು. ಹೊತ್ತು ಬ್ಯಾರೆ ಆಗಾಕತ್ತಿತ್ತು. ಅಣವೀರಪ್ಪ ಅತ್ತಾಗ ಇತ್ತಾಗ ನೋಡಿ, ತಾನೇ ಈ ಕಡಿ ಕುಂತು ಒಂದು ಹಣ್ಣು ಪರದಾದ ಕೆಳಗ ಸರಿಸಿದ. ಒಂದರೇ ಒಂದು. ಶಾಸ್ತ್ರ ಗೆದ್ದದ್ದು ಕಣ್ಣಾರೆ ನೋಡಬೇಕಂತ ಆಶಾ ಇತ್ತು ಅವಗ, ಅದನ್ನ ಈಗ ಮುಚ್ಚಿಟ್ಟು ಏನು ಮಾಡೂದು. "ಬ್ಯಾಡ," ಅಂದ್ಲು ಆಕಿ. "ಆಯಿ, ಒಂದು ಸೊನ್ನಿಗಿಂತ ಹೆಚ್ಚಲ್ರಿ?" ಅಂತ ಇವನ ಬಾಯಿಂದ ಬಂದು ಹೋತು. ಆಕಿ ಧೋತ್ರದ ಪರದಾ ಮ್ಯಾಲ ಎತ್ತಿದ್ಲು. ಮಡಿಲಾಗ ಒಂಬತ್ತು ಹಣ್ಣು ಇಟ್ಕೊಂಡು ಅರ್ಥಶಾಸ್ತ್ರದ ಲೆಕ್ಚರರ್ ಕುಂತಿದ್ದು ಕಮಲಾಪುರದ ಸಂತಿ ಪೂರಾ ನೋಡ್ತು. ದುಂಡಮ್ಮ ನಗಲಿಲ್ಲ, ನಕ್ಕಿದ್ರ ಎಷ್ಟೋ ಚಲೋ ಇತ್ತು. "ಈಗ ಈ ಹಣ್ಣು ಯಾರಿಗಿ?" "ಯಾರಿಗೂ ಇಲ್ರಿ, ನಿಯಮ ಅದ." "ಮತ್ತ ನಿನ್ನ ಚೀಲದಾಗ ಯಾಕ ಹಾಕ್ಕೊಳ್ಳಾಕತ್ತಿ?" ಅದಕ್ಕ ಪತ್ರಿಕಾದಾಗ ಉತ್ತರ ಇದ್ದಿಲ್ಲ. ಆಕಿ ಬಾಜೂಕ ಕುಂತಿದ್ದ ಪುತಳಾಬಾಯಿಯ ಎಮ್ಮಿ ತರಿಸಿದ್ಲು. ಒಂದೊಂದೇ ಹಾಕು ಅಂದ್ಲು. ಅಣವೀರಪ್ಪ ಒಂದೊಂದೇ ಹಾಕಿದ, ಆಕಿ ನಡದ ಮ್ಯಾಲ ಕೈ ಇಟ್ಟು ಎಣಿಸಿದ್ಲು, ಸುತ್ತ ಎಷ್ಟು ಮಂದಿ ಕೂಡಿದ್ರಂದ್ರ ಹಿಂದಿನವರಿಗಿ ಕಾಣವಲ್ದಂತ ಗಾಡಿ ಮ್ಯಾಲ ಹತ್ತಿ ನಿಂತಿದ್ರು. ಏಳನೇ ಹಣ್ಣಿಗಿ ಎಮ್ಮಿ ತಲಿ ಎತ್ತಿ ಅವನ ಮುಖಾ ನೋಡ್ತು. ಆ ನೋಟದಾಗ ಮರುಕ ಇತ್ತು. ಹೊಳ್ಳಿ ಬರೂಮುಂದ ಬಸ್ಸಿನಾಗ, ಅಕ್ಷರ ಕುಣ್ಯೂಹಂಗ, ಅವಾ ನಲವತ್ತೊಂದನೇ ಹಾಳಿ ಮ್ಯಾಲ ಬರದ: ಪ್ರಶ್ನೆ ತಿಳಿದಿಲ್ಲ.

ಹ್ವಾದ ವಾರ ದೇವೀಂದ್ರಪ್ಪ ಸರ್ ಅದೇ ಹಾಳಿ ಹಿಡದು ಎಷ್ಟು ಖುಷಿ ಆಗಿದ್ರು. "ಎಂಥಾ ಮಾತು ಬರದಿಯೋ ಅಣವೀರಪ್ಪ! ಪ್ರಶ್ನೆ ತಿಳಿದಿಲ್ಲ. ಮುಗೀತು. ಉಳದ ಹದಿನೆಂಟಕ್ಕೂ ಇದನ್ನೇ ಬರಿ. ಕೊಸರಂತ, ಪಸರಂತ, ಅವನ್ನೂ ಐದಕ್ಕ ಇಳಸು. ಕ್ಷೇತ್ರಕಾರ್ಯ ಮಾಡಿದಾಂವ ನಾನೇ, ಇದು ಖರೆ ಅದ ಅಂತ ಕೆಳಗ ಸಹಿ ಮಾಡು. ನಾ ದಿಲ್ಲಿ ಸಮ್ಮೇಳನದಾಗ ಓದ್ತೀನಿ. ನಿನ್ನ ಹೆಸರು ಕೆಳಗ ಧನ್ಯವಾದದಾಗ ಬರ್ತದ, ಸಣ್ಣ ಅಕ್ಷರದಾಗ. ಸಹಿ ಬಿದ್ದ ದಿನಾನೇ ನಿನ್ನ ಥೀಸಿಸ್ಸಿಗಿ ನನ್ನ ಸಹಿ." ಅಣವೀರಪ್ಪ ಆತ್ರಿ ಸರ್ ಅಂದಿದ್ದ. ಹನ್ನೊಂದು ವರ್ಷದಾಗ ಅವಾ ಆತ್ರಿ ಸರ್ ಅಂದಿದ್ದು ಸಾಲಾಗಿ ಹಚ್ಚಿದ್ರ ಹುಮನಾಬಾದ ಮುಟ್ಟಿ ಹೊಳ್ಳಿ ಬರ್ತಿತ್ತು. ಮನಿಗಿ ಬಂದು ಊಟಕ್ಕ ಕುಂತಾಂವ ಅರ್ಧಾ ರೊಟ್ಟಿ ತಾಟಿನಾಗೇ ಬಿಟ್ಟು ಎದ್ದಿದ್ದ. ತನ್ನ ಹೆಸರು ಸಣ್ಣ ಅಕ್ಷರದಾಗ ಬರೂದಕ್ಕಲ್ಲ. ಅದು ಅವಗ ರೂಢಿ ಇತ್ತು. ಆ ಎರಡು ಶಬ್ದದಾಗಿನ ಸುಳ್ಳು ತಾನೇ ಹುಟ್ಟಿಸಿದ್ದು, ಈಗ ಅದು ಮರಿ ಹಾಕಾಕತ್ತದ ಅಂತ.

"ಕಮಲಾಪುರ್! ಉತರೋ, ಉತರೋ!"

ಸಂತಿ ದಿನ. ಜೀಪಿನಿಂದ ಕಾಲು ಕೆಳಗ ಇಟ್ಟಿದ್ದಿಲ್ಲ, ಉಳ್ಳಾಗಡ್ಡಿ ಗಾಡಿ ಮ್ಯಾಲಿಂದ ಯಾರೋ ಒದರಿದ್ರು, "ಲೇ, ಎಮ್ಮಿ ಮಾಸ್ತರ ಬಂದ್ರು!" ಇನ್ನೊಬ್ಬಾಂವ, "ಇವತ್ತ ಯಾವ ದನಕ್ಕ ಹಬ್ಬ ಅದ್ರಿ ಮಾಸ್ತರ?" ಅಂದ. ಅಣವೀರಪ್ಪ ಕೆಳಗ ಮುಖಾ ಹಾಕಿ ನಡದ. ಮೂರು ವರ್ಷದಾಗ ಕಮಲಾಪುರ ಅವನ ಹೆಸರು ಮರ್ತಿತ್ತು, ಡಿಗ್ರಿ ಮರ್ತಿತ್ತು, ಇದೊಂದು ಕಾಯ್ದು ಇಟ್ಟಿತ್ತು. ದುಂಡಮ್ಮ ಅದೇ ಬೇವಿನ ಗಿಡದ ಬುಡಕ, ಅದೇ ತಟ್ಟಿನ ಮ್ಯಾಲ ಕೆಂಪು ಹಣ್ಣು ಹರವಿಕೊಂಡು ಕುಂತಿದ್ಲು. ಅವಾ ಮುಂದ ಕುಕ್ಕರಗಾಲಿಲೆ ಕುಂತ.

"ಆಯಿ, ನನ್ನ ಗುರ್ತು ಹತ್ತದೇನ್ರಿ?"

"ನಿನ್ನ ಗುರ್ತು ಎಮ್ಮಿಗೂ ಹತ್ತಿತ್ತು. ಪಾಪ, ಹೋದ ವರ್ಷ ಸತ್ತು ಹೋತು."

"ಒಂದು ಮಾತು ಕೇಳಬೇಕಾಗಿತ್ರಿ. ಅವತ್ತ ನಿಮಗ ಪ್ರಶ್ನೆ ತಿಳಿದಿತ್ತೇನ್ರಿ?"

ಆಕಿ ಅವನ್ನ ನೋಡಿದ್ಲು. "ಹಣ್ಣು ಬೇಕೇನು?"

"ಬೇಕ್ರಿ. ಒಂದು ಡಜನ್."

ಎಣಸಾಕತ್ತಿದ್ಲು. ಎಣಿಸ್ಕೋತನೇ ಹೇಳಿದ್ಲು, ಜ್ವಾಳದ ಧಾರಣಿ ಹೇಳಿದಂಗ. "ಹತ್ತು ಹಣ್ಣು. ಹಂಚಾಂವ ನೀ, ಒಪ್ಪಾಕಿ ನಾ. ಒಪ್ಪಿದ್ರ ನನಗೊಂದು, ನಿನಗ ಒಂಬತ್ತು. ಬ್ಯಾಡಂದ್ರ ಇಬ್ಬರಿಗೂ ಇಲ್ಲ ಅಂತ ಬಾಯಿಲೆ ಅಂದಿ. ಆದ್ರ ಹಣ್ಣಿನ ಮಾಲಕನೂ ನೀನೇ ಇದ್ದೆಲ್ಲೋ ಯಪ್ಪಾ. ನಾ ಬ್ಯಾಡಂದ್ರ ಹತ್ತೂ ಹೊಳ್ಳಿ ನಿನ್ನ ಚೀಲಕ್ಕೇ ಹೋಗ್ತಿದ್ವು. ಒಪ್ಪಿದ್ರ ಒಂಬತ್ತು, ಒಪ್ಪಲಿಲ್ಲಂದ್ರ ಹತ್ತು! ನನ್ನ ಬ್ಯಾಡಕ್ಕ ಬೆಲಿ ಏನು ಉಳೀತು? ಅದಕ್ಕ ಎಮ್ಮಿ ತರಿಸ್ದೆ. ಇದರಾಗ ತಿಳೀಲಾರದ್ದು ಏನದ?"

ಇಪ್ಪತ್ತು ವರ್ಷದಾಗ ಅಣವೀರಪ್ಪನ ಕ್ಲಾಸಿನಾಗ ಒಬ್ಬರೂ ಇಷ್ಟು ಸ್ವಚ್ಛ ಉತ್ತರ ಬರದಿದ್ದಿಲ್ಲ. ಆಟ ಕಟ್ಟಿದ ಪರದೇಶದ ಪಂಡಿತರಿಗಿ ಈ ತೂತು ಕಂಡಿತ್ತೋ ಇಲ್ಲೋ, ದೇವೀಂದ್ರಪ್ಪ ಸರ್ ಅವರಿಗಂತೂ ಕಂಡಿದ್ದಿಲ್ಲ, ತನಗೂ ಕಂಡಿದ್ದಿಲ್ಲ. ಈ ತಾಯಿಗಿ ಧೋತ್ರ ಎತ್ತಿದ ಗಳಿಗ್ಯಾಗ ಕಂಡಿತ್ತು.

"ಆಯಿ, ನಾ ನಿಮ್ಮ ಹಾಳಿ ಮ್ಯಾಲ, ಪ್ರಶ್ನೆ ತಿಳಿದಿಲ್ಲ ಅಂತ ಬರದೀನ್ರಿ."

ಆಕಿ ಕೈ ನಿಂತಿತು. ಒಂಬತ್ತಕ್ಕ ನಿಂತಿತು.

"ನನಗ ತಿಳಿದಿಲ್ಲ ಅಂತ?"

"ಹೌದ್ರಿ."

"ಕಾಗದದ ಮ್ಯಾಲ?"

"ಹೌದ್ರಿ. ದಿಲ್ಲಿತನಕಾ ಹೋಗ್ತದ್ರಿ ಅದು. ನಿಮ್ಮ ಹೆಸರಿಲ್ರಿ ಅದರಾಗ. ನಂಬರ್ ಅಷ್ಟೇ, ನಲವತ್ತೊಂದು."

"ಹೆಸರೂ ಇಲ್ಲ?" ಅಂದ್ಲು ದುಂಡಮ್ಮ. ಸಿಟ್ಟಿಲೆ ಅಲ್ಲ. ತನ್ನ ಹೊಲಾ ಯಾವನೋ ಅವನ ಹೆಸರಿಗಿ ಮಾಡ್ಕೊಂಡಾನಂತ ಕೇಳಿದಾಗ ಬರೂ ದನಿ. ಆಮ್ಯಾಲ ಹತ್ತು, ಹನ್ನೊಂದು, ಹನ್ನೆರಡು ಎಣಿಸಿ ಚೀಲದಾಗ ಹಾಕಿ, ಮತ್ತೊಂದು ದಪ್ಪಂದು ಹುಡಕಿ ಎತ್ತಿ ಚಾಚಿದ್ಲು. ಅಣವೀರಪ್ಪಗ ನಾಚಿಕಿ ಉಕ್ಕಿ ಬಂತು. "ಕೊಸರು ಬ್ಯಾಡ್ರಿ ಆಯಿ, ನಾ..."

"ಏ! ಕೊಸರಿಗಿ ಬ್ಯಾಡ ಅಂತಾರೇನೋ? ಹಿಸ್ಸಾಕ್ಕ ಬ್ಯಾಡ ಅನ್ನು, ತಾಕತ್ತಿದ್ರ. ಇದು ಹಿಸ್ಸಾ ಅಲ್ಲ. ತಿನ್ನು ಇಲ್ಲೇ." ತಿಂದ. ಆಕಿ ಎದುರಿಗೇ, ಸಿಪ್ಪಿ ಕೈಯಾಗ ಹಿಡ್ಕೊಂಡು, ಬೈಸಿಕೊಂಡ ಕೂಸಿನಂಗ. "ಹೋಗು," ಅಂದ್ಲು, "ತಿದ್ದು ಅದನ್ನ."

ಹೊಳ್ಳಿ ಬರೂಮುಂದ ಕರೀಂಸಾಬನ ಜೀಪು ಎರಡು ಸಲ ಪಂಚರ್ ಆತು. ಎರಡನೇ ಸಲಕ್ಕ ಅಣವೀರಪ್ಪ ರೋಡಿನ ಬಾಜೂಕ ಕಲ್ಲಿನ ಮ್ಯಾಲ ಕುಂತು ಗಡಿಯಾರ ನೋಡಿದ. ಮೂರೂಕಾಲು. ಇಲ್ಲೇ ಕುಂತ್ರ ಐದು ತಾನೇ ಆಗ್ತದ, ಯಾರ ಮ್ಯಾಲೂ ತಪ್ಪಿಲ್ಲ, ಪಂಚರಿನ ಮ್ಯಾಲ ಹಾಕಿ ಬಿಡಬಹುದು ಅನ್ನೂ ವಿಚಾರ ಬಂತು. ಎಷ್ಟು ತಂಪು ವಿಚಾರ ಅದು! ಅಂಥಾ ವಿಚಾರದ ನೆಳ್ಳಿನಾಗ ಅವಾ ಹನ್ನೊಂದು ವರ್ಷ ಕುಂತಿದ್ದ. ಎದ್ದು ಅಂಗಿ ತ್ವಾಳು ಏರಿಸಿ ಜಾಕ್ ಹಿಡದ. ಕರೀಂಸಾಬ, "ಅರೆ ಸಾಬ್, ನೀವ್ಯಾಕ್ರಿ?" ಅಂದ್ರೂ ಕೇಳ್ಲಿಲ್ಲ.

ಕೇಂದ್ರ ಮುಟ್ಟಿದಾಗ ನಾಕೂ ಇಪ್ಪತ್ತು. ದೇವೀಂದ್ರಪ್ಪ ಸರ್ ಸಕ್ರಿ ಹಾಕದ ಚಹಾ ಕುಡ್ಯಾಕತ್ತಿದ್ರು. ಸಕ್ರಿ ಬ್ಯಾನಿ ಅವರಿಗಿ. ಮೂಲ್ಯಾಗ ಜಯದೇವಿ ತವರಮನಿ ಟ್ರಂಕು, ಮ್ಯಾಲ ಆಕಿ ಹೆಸರು ಬರದಿದ್ದು ಇನ್ನಾ ಅಳಿಸಿದ್ದಿಲ್ಲ. ಟೇಬಲ್ಲಿನ ಮ್ಯಾಲ ಹತ್ತೊಂಬತ್ತು ಹಾಳಿ, ಟೈಪ್ ಮಾಡಿದ ಸರ್ಟಿಫಿಕೇಟು, ಕ್ಯಾಪ್ ತಗದು ಇಟ್ಟ ಪೆನ್ನು. "ಬಾರೋ ಡಾಕ್ಟರ್! ಅಂಗಿಗಿ ಏನು ಎಣ್ಣಿ ಅದು? ಇರಲಿ. ಇಲ್ಲಿ ಮಾಡು." ಅಣವೀರಪ್ಪ ಪೆನ್ನು ಎತ್ತಿ, ಹಾಳಿಗೋಳ ನಡುವ ನಲವತ್ತೊಂದು ಹುಡಕಿ, ತನ್ನ ಎರಡು ಶಬ್ದಕ್ಕ ಗೀಟು ಹೊಡದ. ಕೆಳಗ ಬರದ: ತಿಳಿದಿತ್ತು. ಬ್ಯಾಡ ಅಂದ್ರು. ದುಂಡಮ್ಮ, ಕಮಲಾಪುರ. ಇರಿವಿಯಂಥಾ ಸಹಿ ಅಲ್ಲೇ ಮಾಡಿದ. ಸರ್ಟಿಫಿಕೇಟು ಹಂಗೇ ಸರಿಸಿದ.

"ಇದಕ್ಕ ಮಾಡೂದಿಲ್ರಿ ಸರ್."

"ಕುಂಡ್ರು, ನೀರು ಕುಡಿ. ಮಾಡಲಿಲ್ಲಂದ್ರ ನಿನಗೇನು ಉಳೀತದ?"

"ಏನೂ ಇಲ್ರಿ."

"ನಾ ಕೊಡಾಕತ್ತಿದ್ದು ಸಣ್ಣದೇ ಇರಲಿ, ಸೊನ್ನಿಗಿಂತ ದೊಡ್ಡದಲ್ಲೇನು? ನೀನೇ ಕಲಸ್ತಿ ಇದನ್ನ."

"ದೊಡ್ಡದ್ರಿ."

"ಮತ್ತ?"

"ಬ್ಯಾಡ್ರಿ."

ಆ ಮಾತು ಬಾಯಿಂದ ಹೊರಗ ಬಿದ್ದಾಗ ಎಷ್ಟು ಸಣ್ಣಿತ್ತು. ಎಂಟಾಣೆ ಬಿದ್ದಷ್ಟೂ ಸಪ್ಪಳ ಆಗ್ಲಿಲ್ಲ. ದೇವೀಂದ್ರಪ್ಪ ಸರ್ ಚಹಾ ಮುಗಿಸಿ ಕಪ್ಪು ಕೆಳಗ ಇಟ್ರು, ನಕ್ಕರು. "ಆತಪಾ. ಬ್ಯಾಡಾದ್ರ ಬ್ಯಾಡ. ಹಾಳಿ ಇಲ್ಲೇ ಇರ್ತಾವಲ್ಲ. ನಾಳಿಗಿ ಇನ್ನೊಬ್ಬ ಹುಡುಗನ ಕೈಲೆ ಸಹಿ ಮಾಡಿಸ್ತೀನಿ. ನಿನಗೂ ಧನ್ಯವಾದ ಬರೂದು ತಪ್ಪಿತು."

ಅಣವೀರಪ್ಪಗ ಒಮ್ಮಿಲೇ ಎಮ್ಮಿ ನೆನಪಾತು. ಮರುಕದಿಂದ ನೋಡಿದ ಆ ದೊಡ್ಡ ಕಣ್ಣು. ಒಪ್ಪಿದ್ರ ಒಂಬತ್ತು, ಒಪ್ಪಲಿಲ್ಲಂದ್ರ ಹತ್ತು. ಅವಾ ಹತ್ತೊಂಬತ್ತು ಹಾಳಿ ಬಾಚಿ ಬಾಳಿಹಣ್ಣಿನ ಚೀಲದಾಗ ಹಾಕ್ಕೊಂಡು ಟ್ರಂಕಿನ ಕಡಿ ನಡದ. ದೇವೀಂದ್ರಪ್ಪ ಸರ್ ಸ್ಥೂಲ ದೇಹದವರು, ಹನ್ನೊಂದು ವರ್ಷದಾಗ ಅವರು ಅವಸರಾ ಮಾಡಿದ್ದು ಯಾರೂ ನೋಡಿದ್ದಿಲ್ಲ. ಅವತ್ತ ಮಾತ್ರ ಅವನಕಿಂತ ಮೊದಲ ಹೋಗಿ ಟ್ರಂಕಿನ ಮ್ಯಾಲ ಕುಂತ ಬಿಟ್ರು. ಟ್ರಂಕು ಕಿರ್ರ್ ಅಂತು. "ಉಳದದ್ದು ಇದರಾಗ ಅದ," ಅಂದ್ರು. "ಈಗ ಏನ ಮಾಡ್ತಿ?"

"ಕುಂಡರ್ತೀನ್ರಿ," ಅಂತ ಅಣವೀರಪ್ಪ ಎದುರಿನ ಕುರ್ಚಿ ಮ್ಯಾಲ ಕುಂತ.

ಕುಂತ್ರು ಇಬ್ಬರೂ. ನಾಕೂ ನಲವತ್ತು ಆತು. "ಇನ್ನಾ ವ್ಯಾಳ್ಯಾ ಅದ," ಅಂದ್ರು ಸರ್. ನಾಕೂ ಐವತ್ತಕ್ಕ, "ಧನ್ಯವಾದ ದೊಡ್ಡ ಅಕ್ಷರದಾಗ ಹಾಕ್ತೀನಿ," ಅಂದ್ರು. ಐದಕ್ಕ ಮೂರು ನಿಮಿಷ ಕಮ್ಮಿ ಇದ್ದಾಗ, "ಎರಡನೇ ಹೆಸರು ನಿಂದೇ," ಅಂದ್ರು. ಹಿಸ್ಸಾ ಬೆಳ್ಯಾಕತ್ತಿತ್ತು, ಎರಡು, ಮೂರು, ನಾಕು ಹಣ್ಣು. ಅಣವೀರಪ್ಪನ ಕಣ್ಣ ಮುಂದ ಆ ನೀಲಿ ಖಾಲಿ ಜಾಗಾ ತೇಲ್ತಿತ್ತು, ಹೂಂ ಅಂದು ಬಿಡೂಣೇನು ಅಂತ ನಾಲಿಗಿ ತುದಿಗಿ ಬಂದಿತ್ತು. "ಹಾಳಿ ಹೆಂಗ ಅದಾವೋ ಹಂಗೇ ಓದ್ತೀರೇನ್ರಿ?" ಅಂತ ಕೇಳಿದ. ಸರ್ ಗಡಿಯಾರದ ಕಡಿ ಮುಖಾ ತಿರುವಿದ್ರು. ಕೆಳಗ ಆಫೀಸಿನ ಬಾಗಲಾ ಹಾಕಿದ ಸಪ್ಪಳ ಕೇಳಿತು. ಗಡಿಯಾರ ಐದು ಹೊಡೀತು. ಹನ್ನೊಂದು ವರ್ಷ ಸತ್ತ ಸಪ್ಪಳ ಇಷ್ಟೇನಾ ಅಂತ ಅವಗ ಆಶ್ಚರ್ಯ ಆತು. ಆದ್ರೂ ಏಳ್ಲಿಲ್ಲ. ಐದೂ ಹತ್ತು. ಐದೂ ಇಪ್ಪತ್ತೈದು. ಯಾವ ಶಾಸ್ತ್ರದವರೂ ತಮ್ಮ ಸಿದ್ಧಾಂತದಾಗ ಸಕ್ರಿ ಬ್ಯಾನಿ ಲೆಕ್ಕಕ್ಕ ಹಿಡದಿದ್ದಿಲ್ಲ. ಐದೂ ನಲವತ್ತಕ್ಕ ದೇವೀಂದ್ರಪ್ಪ ಸರ್ ಕಾಲು ಅದಲಬದಲ ಮಾಡಿದ್ರು, ಮುಖಾ ಬೆವತ್ತಿತು, ಅತ್ತಾಗ ಇತ್ತಾಗ ನೋಡಿದ್ರು, ಆಮ್ಯಾಲ ಮಾತಿಲ್ದ ಎದ್ದು ವರಾಂಡದ ತುದ್ಯಾಗಿನ ಸಂಡಾಸಕ್ಕ ಓಡಿದ್ರು. ಅವರು ಹೊಳ್ಳಿ ಬರೂದರಾಗ ಅಣವೀರಪ್ಪ ಟ್ರಂಕು ತಲಿ ಮ್ಯಾಲ ಹೊತ್ತು ಗೇಟು ದಾಟಿದ್ದ. ಟ್ರಂಕಿನ ಮುಚ್ಚಳ ಒಳಗ ತಗ್ಗು ಬಿದ್ದಿತ್ತು, ಒಬ್ಬ ಪ್ರೊಫೆಸರ್ ಅಳತಿಗಿ ಬರೊಬ್ಬರಿ.

ಕೋಟನೂರ ಮುಟ್ಟಿದಾಗ ಹೊತ್ತು ಮುಳುಗಾಕತ್ತಿತ್ತು. ಬೋರ್ಡ್ ಆಗಲೇ ಬಾಗಲಾ ಮ್ಯಾಲ ಏರಿತ್ತು, ಖಾಲಿ ಜಾಗಾ ಸಮೇತ. ಜಯದೇವಿ ಟ್ರಂಕು ನೋಡಿದ್ಲು, ತಗ್ಗು ನೋಡಿದ್ಲು, ಅವನ ಮುಖಾ ನೋಡಿದ್ಲು. "ಆತೇನ್ರಿ?"

"ಇಲ್ಲ. ಬ್ಯಾಡಂದೆ."

ಎಲ್ಲಾ ಹೇಳಿದ. ದುಂಡಮ್ಮಂದು, ಹಾಳೀದು, ಟ್ರಂಕಿಂದು. ಆಕಿ ನಡುವ ಬಾಯಿ ಹಾಕ್ಲಿಲ್ಲ. ಮುಗದ ಮ್ಯಾಲ ಹಗೂರಕ ಕೇಳಿದ್ಲು, "ಹನ್ನೊಂದು ವರ್ಷ ನಿಮ್ಮ ಹಾಳಿ ನಾ ಜೋಡಿಸಿಟ್ಟೀನಿ. ನೀವು ಬ್ಯಾಡಂದ್ರಿ, ಚಲೋ. ನನ್ನ ಕೇಳಿದ್ರೇನು?"

ಇವತ್ತ ಇಡೀ ದಿನಾ ಪರದಾದ ಯಾವ ಕಡಿ ಯಾರು ಕುಂತಾರಂತ ತನಗ ಗೊತ್ತಾಗೇದಂತ ಅಣವೀರಪ್ಪ ತಿಳದಿದ್ದ. ಇಲ್ಲಿ ಇನ್ನೊಂದು ಪರದಾ ಇತ್ತು. ಅದರ ಆ ಕಡಿ ಇಪ್ಪತ್ತೊಂದು ವರ್ಷದಿಂದ ಒಬ್ಬಾಕಿ ಕುಂತಿದ್ಲು, ಇವಾ ಸರಿಸಿದಷ್ಟು ತಗೊಂಡಿದ್ಲು. ಚೀಲದಾಗಿನ ಹನ್ನೆರಡು ಹಣ್ಣು ತಗದು ಆಕಿ ಮುಂದ ಇಟ್ಟ. ಹನ್ನೆರಡೂ. ತನಗೊಂದೂ ಇಟ್ಕೊಳ್ಲಿಲ್ಲ.

ಜಯದೇವಿ ಹಣ್ಣು ಮಡಿಲಾಗ ತುಂಬ್ಕೊಂಡು ಹಿತ್ತಲಿಗಿ ಹ್ವಾದ್ಲು. ಕಾಶಿರಾಯನ ಎಮ್ಮಿ ಕಂಪೌಂಡಿನ ಮ್ಯಾಲ ಗದ್ದಾ ಇಟ್ಟು ತಯಾರೇ ಇತ್ತು. ಒಂದು ಹಾಕಿದ್ಲು. ಎರಡು ಹಾಕಿದ್ಲು. ಅವಾ ಬಾಗಲದಾಗ ನಿಂತ. ತಡೀಲಿಲ್ಲ, ಅದು ಆಕಿ ಹಕ್ಕು. ಎಮ್ಮಿ ಮುಖಾ ಮೂರು ವರ್ಷದ ಮ್ಯಾಲ ಮೊದಲ ಸಲ ನೆಟ್ಟಗ ನೋಡಿದ. ಹನ್ನೊಂದು ಹಣ್ಣು ಹ್ವಾದ್ವು. ಹನ್ನೆರಡನೇದಕ್ಕ ಎಮ್ಮಿ ಬಾಯಿ ತಗೀತು. ಜಯದೇವಿ ಅದರ ಕಣ್ಣೆದುರಿಗೇ ಸಿಪ್ಪಿ ಸುಲದು ತಾನ ಕಚ್ಚಿದ್ಲು.

"ನಾಳೆ ಮೈಬೂಬಗ ಹೇಳಿ ಹೆಸರು ನಡುವ ಬರಸ್ಲೇನು?" ಅಂತ ಕೇಳಿದ ಅಣವೀರಪ್ಪ.

"ಏನೂ ಬ್ಯಾಡ. ಆ ಖಾಲಿ ಜಾಗಾ ಹಂಗೇ ಇರಲಿ."

"ಯಾರರ ಕೇಳಿದ್ರ?"

ಆಕಿ ಬಾಯಾಗಿನ ಹಣ್ಣು ಪೂರಾ ನುಂಗಿ, ಸಿಪ್ಪಿ ಎಮ್ಮಿಗಿ ಒಗದ್ಲು.

"ಕೊಡಾಕ ಬಂದಿದ್ರು, ಬ್ಯಾಡಂದೀವಿ ಅಂತೀನಿ," ಅಂದ್ಲು.